ಊರಿನ ಬೊಕ್ಕಸ

ಮುಂಜಾನೆ ಎದ್ದು ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ. ಹೊತ್ತು ಮುಳುಗಿದೊಡನೆ ಬೀದಿಯ ದೀಪಗಳು ಹೊತ್ತಿಕೊಳ್ಳುತ್ತವೆ. ಕಸವನ್ನು ಒಯ್ಯುವ ಗಾಡಿ ಬೆಳಗಿನಲ್ಲಿ ಮನೆಯ ಬಾಗಿಲಿಗೆ ಬರುತ್ತದೆ. ದಿನವೂ ನಡೆಯುವ ಈ ಕೆಲಸಗಳು ನಮಗೆ ಸೂರ್ಯೋದಯದಷ್ಟೇ ಸಹಜವಾಗಿ ತೋರುತ್ತವೆ. ಇವುಗಳಲ್ಲಿ ಯಾವುದಾದರೊಂದು ಎರಡು ದಿನ ನಿಂತುಹೋದಾಗ ಮಾತ್ರ, ಅದರ ಹಿಂದೆ ಎಷ್ಟು ಜನರ ದುಡಿಮೆ ಇದ್ದಿತು, ಎಷ್ಟು ಹಣ ವ್ಯಯವಾಗುತ್ತಿದ್ದಿತು ಎಂಬ ವಿಚಾರ ನಮ್ಮ ಮನಸ್ಸಿಗೆ ಬರುತ್ತದೆ.

ಉಡುಪಿಯ ನಲ್ಲಿಗಳಿಗೆ ಸ್ವರ್ಣಾ ನದಿಯಿಂದ ನೀರು ಬರುತ್ತದೆ. ಹಿರಿಯಡಕದ ಬಳಿಯ ಬಜೆ ಎಂಬಲ್ಲಿ ಆ ನದಿಗೆ ಅಣೆಕಟ್ಟನ್ನು ಕಟ್ಟಿ, ನೀರನ್ನು ಮೇಲೆತ್ತಿ, ಶುದ್ಧಗೊಳಿಸಿ, ಕೊಳವೆಗಳ ಮೂಲಕ ನಗರಕ್ಕೆ ತರುತ್ತಾರೆ. ಅದೇ ನದಿಯ ಮೇಲುಭಾಗದಲ್ಲಿರುವ ಮುಂಡ್ಲಿಯಿಂದ ಕಾರ್ಕಳ ಪಟ್ಟಣಕ್ಕೆ ನೀರು ದೊರೆಯುತ್ತದೆ. ನದಿಯು ನೀರಿಗೆ ಬೆಲೆ ಕೇಳುವುದಿಲ್ಲ; ಆದರೆ ನೀರೆತ್ತುವ ಪಂಪು ವಿದ್ಯುತ್ತನ್ನು ಕೇಳುತ್ತದೆ, ಕೊಳವೆಯು ದುರಸ್ತಿಯನ್ನು ಕೇಳುತ್ತದೆ, ಹಗಲಿರುಳು ಅಲ್ಲಿ ಕಾದಿರುವ ನೌಕರನಿಗೆ ಸಂಬಳ ಬೇಕಾಗುತ್ತದೆ. ಇವೆಲ್ಲಕ್ಕೂ ಹಣವನ್ನು ಒದಗಿಸುವುದು ಊರಿನ ಬೊಕ್ಕಸ. ಆ ಬೊಕ್ಕಸಕ್ಕೆ ಹಣ ಬರುವ ಮುಖ್ಯ ದಾರಿಗಳಲ್ಲಿ ಆಸ್ತಿ ತೆರಿಗೆಯೂ ಒಂದು.

ತೆರಿಗೆಯ ಕುರಿತು ಪ್ರಜೆಗಳಿಗೂ ಅಧಿಕಾರಿಗಳಿಗೂ ನಡೆಯುವ ವಾದ ನಮ್ಮ ಕರಾವಳಿಗೆ ಹೊಸದಲ್ಲ. 1799ರಲ್ಲಿ ಕನ್ನಡ ಜಿಲ್ಲೆಯು ಇಂಗ್ಲಿಷರ ವಶವಾಯಿತು. ಥಾಮಸ್ ಮನ್ರೋ ಅದರ ಮೊದಲನೆಯ ಕಲೆಕ್ಟರನಾಗಿ ಭೂಕಂದಾಯವನ್ನು ಗೊತ್ತುಪಡಿಸಿದನು. ಕಂದಾಯದ ಭಾರವನ್ನು ಹೊರಲಾರದೆ 1830-31ರಲ್ಲಿ ರೈತರು ಅಲ್ಲಲ್ಲಿ ಗುಂಪುಗೂಡಿ ತೆರಿಗೆ ಕೊಡಲು ನಿರಾಕರಿಸಿದರು. ಈ ಗುಂಪುಗಳಿಗೆ 'ಕೂಟ'ಗಳೆಂದು ಹೆಸರು. ದೇವಾಲಯಗಳ ಅಂಗಳಗಳೇ ಅವುಗಳ ಸಭಾಸ್ಥಾನಗಳಾಗಿದ್ದವು. ಕೊನೆಗೆ ಸರ್ಕಾರವು ಸ್ಟೋಕ್ಸ್ ಎಂಬ ಅಧಿಕಾರಿಯಿಂದ ವಿಚಾರಣೆ ಮಾಡಿಸಬೇಕಾಯಿತು. ಮುಂದೆ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಉತ್ತರ ಕನ್ನಡದ ಅಂಕೋಲ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಮನೆಮಾರುಗಳನ್ನು ಕಳೆದುಕೊಂಡರು.

ಆ ಹೋರಾಟಗಳಿಗೂ ಇಂದಿನ ಚರ್ಚೆಗಳಿಗೂ ಒಂದು ದೊಡ್ಡ ಅಂತರವಿದೆ. ಅಂದು ತೆರಿಗೆಯನ್ನು ವಿಧಿಸುವವನು ಪರದೇಶದವನು. ಕೊಡುವವನಿಗೆ ಅದನ್ನು ಪ್ರಶ್ನಿಸುವ ಅಧಿಕಾರವಿರಲಿಲ್ಲ. ಇಂದು ತೆರಿಗೆಯನ್ನು ನಿರ್ಧರಿಸುವ ಕಾನೂನು ನಾವೇ ಆರಿಸಿದ ಶಾಸನಸಭೆಯದು. ಅದರಿಂದ ಬಂದ ಹಣವನ್ನು ಹಂಚುವ ಸಭೆಯೂ ನಾವೇ ಆರಿಸಿದುದು. ಇಂದು ಊರಿನ ಬೊಕ್ಕಸವನ್ನು ಪ್ರಶ್ನಿಸುವವನು ತನ್ನ ಮನೆಯ ಲೆಕ್ಕವನ್ನೇ ಪ್ರಶ್ನಿಸುತ್ತಾನೆ.

ಸ್ಥಳೀಯ ಸ್ವಯಮಾಡಳಿತವು ನಮ್ಮಲ್ಲಿ ಹಂತಹಂತವಾಗಿ ಬೆಳೆಯಿತು. ಊರಿನ ಕೆಲಸಗಳಲ್ಲಿ ಊರಿನ ಜನರೇ ಭಾಗವಹಿಸಬೇಕೆಂದು 1882ರಲ್ಲಿ ವೈಸರಾಯ್ ಲಾರ್ಡ್ ರಿಪನ್ನನು ಒಂದು ನಿರ್ಣಯವನ್ನು ಹೊರಡಿಸಿದನು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಅಲ್ಲಿಯ ಪುರಸಭೆಗಳು 1920ರ ಕಾಯಿದೆಯಂತೆ ನಡೆಯುತ್ತಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ಈ ನಾಡು ಕನ್ನಡ ರಾಜ್ಯವನ್ನು ಸೇರಿತು. ಬಳಿಕ 1964ರ ಕರ್ನಾಟಕ ಪೌರಸಭೆಗಳ ಕಾಯಿದೆ ಬಂದಿತು. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದು, ಪೌರಸಭೆಗಳಿಗೆ ಸಂವಿಧಾನದಲ್ಲೇ ಸ್ಥಾನವನ್ನು ಕೊಟ್ಟಿತು. ನೀರು ಪೂರೈಕೆ, ನೈರ್ಮಲ್ಯ, ರಸ್ತೆ, ಬೀದಿದೀಪ, ಸ್ಮಶಾನ ಮೊದಲಾದ 18 ವಿಷಯಗಳನ್ನು ಅದು ಪೌರಸಭೆಗಳ ಹೊಣೆಗೆ ತಕ್ಕವೆಂದು ಎಣಿಸಿತು.

ಹೊಣೆಗಳು ಬೆಳೆದಷ್ಟು ವೇಗವಾಗಿ ವರಮಾನ ಬೆಳೆಯಲಿಲ್ಲ. ಹಿಂದೆ ಊರಿನೊಳಕ್ಕೆ ಬರುವ ಸರಕುಗಳ ಮೇಲೆ ಪುರಸಭೆಗಳು ಜಕಾತಿಯನ್ನು ವಸೂಲು ಮಾಡುತ್ತಿದ್ದವು. ಊರ ಬಾಯಿಯಲ್ಲಿ ಗಾಡಿಗಳನ್ನು ನಿಲ್ಲಿಸುತ್ತಿದ್ದ ಆ ಪದ್ಧತಿಯನ್ನು ಕರ್ನಾಟಕವು 1979ರಲ್ಲಿ ರದ್ದುಗೊಳಿಸಿತು. ವ್ಯಾಪಾರಕ್ಕೆ ಅದರಿಂದ ಅನುಕೂಲವಾಯಿತು. ಆದರೆ ಪುರಸಭೆಗಳು ತಮ್ಮ ಕೈಯ ಒಂದು ಆದಾಯವನ್ನು ಕಳೆದುಕೊಂಡು ಸರ್ಕಾರದ ಅನುದಾನವನ್ನು ಎದುರುನೋಡುವಂತಾಯಿತು. ಹೀಗೆ ಮನೆ, ಅಂಗಡಿ, ನಿವೇಶನಗಳ ಮೇಲಿನ ತೆರಿಗೆಯೇ ಊರಿನ ಸ್ವಂತ ಆದಾಯದ ಬೆನ್ನೆಲುಬಾಗಿ ಉಳಿಯಿತು.

ಈ ತೆರಿಗೆಯನ್ನು ಹೇಗೆ ಲೆಕ್ಕ ಹಾಕುತ್ತಾರೆಂಬುದನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರಬೇಕು. ಹಿಂದೆ ಒಂದು ಕಟ್ಟಡವನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತೆಂದು ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. ಅಂದಾಜು ಮಾಡುವವನು ಅಧಿಕಾರಿಯಾದುದರಿಂದ, ಒಂದೇ ಬೀದಿಯ ಎರಡು ಸಮಾನ ಮನೆಗಳಿಗೆ ಬೇರೆಬೇರೆ ತೆರಿಗೆ ಬೀಳುವುದಕ್ಕೆ ಅಲ್ಲಿ ಅವಕಾಶವಿದ್ದಿತು. ಈ ಶತಮಾನದ ಆರಂಭದಲ್ಲಿ ಕಾನೂನನ್ನು ಬದಲಾಯಿಸಿ ಮೂಲಧನ ಮೌಲ್ಯದ ಪದ್ಧತಿಯನ್ನು ತಂದರು. ನೋಂದಣಿಗಾಗಿ ಸರ್ಕಾರವು ನಿಗದಿಮಾಡಿದ ಮಾರ್ಗಸೂಚಿ ಬೆಲೆಯೇ ಇದಕ್ಕೆ ಆಧಾರ. ಕಟ್ಟಡ ಹಳೆಯದಾದಷ್ಟೂ ಸವಕಳಿಯೆಂದು ಒಂದಿಷ್ಟನ್ನು ಕಳೆಯುತ್ತಾರೆ. ವಾಸದ ಮನೆಗೆ ಕಡಿಮೆ ದರ, ವಾಣಿಜ್ಯ ಕಟ್ಟಡಕ್ಕೆ ಹೆಚ್ಚು ದರ. ಆಸ್ತಿಯ ಮಾಲೀಕನೇ ಲೆಕ್ಕವನ್ನು ಮಾಡಿ ಘೋಷಿಸಿ ತೆರಿಗೆಯನ್ನು ಕಟ್ಟಬೇಕು. ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ಶೇಕಡ 5ರಷ್ಟು ರಿಯಾಯಿತಿ ಉಂಟು. ತಡಮಾಡಿದವರಿಗೆ ದಂಡ ಉಂಟು.

ತೆರಿಗೆಯೊಡನೆ ಕೆಲವು ಉಪಕರಗಳೂ ಸೇರುತ್ತವೆ. ಒಂದು ಮನೆಗೆ ವರ್ಷಕ್ಕೆ 2000 ರೂಪಾಯಿ ತೆರಿಗೆ ಬಿದ್ದಿತೆಂದು ಭಾವಿಸೋಣ. ಅದರ ಮೇಲೆ ಆರೋಗ್ಯ ಉಪಕರ ಶೇಕಡ 15ರಂತೆ 300 ರೂಪಾಯಿ, ಗ್ರಂಥಾಲಯ ಉಪಕರ ಶೇಕಡ 6ರಂತೆ 120 ರೂಪಾಯಿ, ಭಿಕ್ಷುಕರ ಉಪಕರ ಶೇಕಡ 3ರಂತೆ 60 ರೂಪಾಯಿ ಸೇರಿದರೆ ಒಟ್ಟು 2480 ರೂಪಾಯಿಯಾಗುತ್ತದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಪತ್ರಿಕೆ ಓದುವ ವಿದ್ಯಾರ್ಥಿಯು ಊರಿನ ಮನೆಮನೆಯವರು ಕೊಟ್ಟ ಹಣದಿಂದ ಓದುತ್ತಿದ್ದಾನೆಂಬುದನ್ನು ಈ ಲೆಕ್ಕವು ತಿಳಿಸುತ್ತದೆ. ಆದರೆ ಉಪಕರದ ಹಣವು ಪೌರಸಭೆಯ ಖರ್ಚಿಗೆ ಸಲ್ಲುವುದಲ್ಲ. ಅದನ್ನು ಆಯಾ ಉದ್ದೇಶಕ್ಕೆ ಸಂಬಂಧಿಸಿದವರಿಗೆ ಒಪ್ಪಿಸಬೇಕು.

ಇನ್ನು ಏರಿಕೆಯ ವಿಚಾರ. ಹಿಂದೆ ತೆರಿಗೆಯನ್ನು ಮೂರು ವರ್ಷಗಳಿಗೊಮ್ಮೆ ಹೆಚ್ಚಿಸುತ್ತಿದ್ದರು. 2021ರ ತಿದ್ದುಪಡಿಯ ಬಳಿಕ ಪ್ರತಿವರ್ಷವೂ ಶೇಕಡ 3ರಿಂದ 5ರವರೆಗೆ ಹೆಚ್ಚಿಸುವ ಏರ್ಪಾಡಾಯಿತು. ನಗರಗಳಿಗೆ ಅನುದಾನ ಬೇಕಾದರೆ ರಾಜ್ಯಗಳು ಆಸ್ತಿ ತೆರಿಗೆಯ ಕನಿಷ್ಠ ದರಗಳನ್ನು ಪ್ರಕಟಿಸಬೇಕು, ವಸೂಲಿಯನ್ನು ವರ್ಷವರ್ಷವೂ ಉತ್ತಮಪಡಿಸಬೇಕು ಎಂದು 15ನೆಯ ಹಣಕಾಸು ಆಯೋಗವು ಷರತ್ತು ವಿಧಿಸಿದ್ದಿತು. ಶೇಕಡ 3 ಎಂಬುದು ಕೇಳುವುದಕ್ಕೆ ಅಲ್ಪವೆನಿಸುತ್ತದೆ. ಆದರೆ ಏರಿದುದರ ಮೇಲೆ ಮತ್ತೆ ಏರುತ್ತ ಹೋದರೆ, 2000 ರೂಪಾಯಿಯ ತೆರಿಗೆ 10 ವರ್ಷಗಳಲ್ಲಿ ಸುಮಾರು 2688 ರೂಪಾಯಿಯಾಗುತ್ತದೆ. ಶೇಕಡ 5ರಂತೆ ಏರಿದರೆ ಸುಮಾರು 3258 ರೂಪಾಯಿಯಾಗುತ್ತದೆ. ಹನಿಗೂಡಿದರೆ ಹಳ್ಳವೆಂಬ ಗಾದೆ ಬೊಕ್ಕಸಕ್ಕೂ ಸಲ್ಲುತ್ತದೆ, ಹೊರೆಗೂ ಸಲ್ಲುತ್ತದೆ.

ಆಯವ್ಯಯವನ್ನು ಸಿದ್ಧಪಡಿಸುವ ಮುನ್ನ ನಾಗರಿಕರನ್ನು ಕರೆದು ಅಭಿಪ್ರಾಯ ಕೇಳುವ ಪೂರ್ವಭಾವಿ ಸಭೆಗಳು ನಮ್ಮ ಪೌರಸಭೆಗಳಲ್ಲಿ ನಡೆಯುತ್ತವೆ. ಉಡುಪಿ ಮತ್ತು ಅದರ ನೆರೆಯ ಊರುಗಳವರು ಅಂತಹ ಒಂದೇ ಸಭೆಯಲ್ಲಿ ಕೂಡಿದರೆ ಯಾವ ಮಾತುಗಳು ಕೇಳಿಬರಬಹುದೆಂಬುದನ್ನು ಕಲ್ಪಿಸಿಕೊಳ್ಳೋಣ.

ಮೊದಲು ಮಣಿಪಾಲದ ನಿವೃತ್ತ ಉಪಾಧ್ಯಾಯರೊಬ್ಬರು ಎದ್ದು ನಿಲ್ಲುತ್ತಾರೆ. "ಅಧ್ಯಕ್ಷರೇ, ನಾನು ಮನೆ ಕಟ್ಟಿಸಿದಾಗ ಆ ಗುಡ್ಡದ ಮೇಲೆ ನೆಲಕ್ಕೆ ಇಂದಿನ ಬೆಲೆಯಿರಲಿಲ್ಲ. ಈಗ ಸುತ್ತಲೂ ಬಹುಮಹಡಿಯ ಕಟ್ಟಡಗಳು ಎದ್ದಿವೆ. ನನ್ನ ಐದು ಸೆಂಟ್ಸು ಜಾಗದ ಬೆಲೆಯೂ ಏರಿದೆಯೆನ್ನುತ್ತಾರೆ. ನಾನು ಅದನ್ನು ಮಾರುವವನಲ್ಲ. ಬೆಲೆ ಏರಿರುವುದು ಕಾಗದದ ಮೇಲೆ, ತೆರಿಗೆ ಕೊಡಬೇಕಾದದ್ದು ಕೈಗೆ ಬರುವ ನಿವೃತ್ತಿ ವೇತನದಿಂದ" ಎನ್ನುತ್ತಾರೆ.

ಕಾಪುವಿನ ಮಹಿಳೆಯೊಬ್ಬರ ಮಾತು ಬೇರೊಂದು ತೆರನಾದುದು. ಕಾಪು, ಮಲ್ಲಾರು, ಉಳಿಯಾರಗೋಳಿಗಳು ಮೊದಲು ಗ್ರಾಮ ಪಂಚಾಯಿತಿಗಳಾಗಿದ್ದವು. ಅವುಗಳನ್ನು ಕೂಡಿಸಿ ಪುರಸಭೆಯನ್ನು ರಚಿಸಿ ಇನ್ನೂ ಬಹುಕಾಲವಾಗಿಲ್ಲ. "ಸ್ವಾಮಿ, ಹಲಗೆಯ ಮೇಲಿನ ಹೆಸರು ಬದಲಾದ ಕೂಡಲೇ ತೆರಿಗೆಯೂ ಬದಲಾಯಿತು. ನಮ್ಮ ಓಣಿಗೆ ಮಾತ್ರ ಇನ್ನೂ ನಲ್ಲಿ ಬಂದಿಲ್ಲ. ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆ. ಪಟ್ಟಣದ ತೆರಿಗೆ ಕೊಡುವವರಿಗೆ ಪಟ್ಟಣದ ನೀರು ಬೇಡವೆ?" ಎಂದು ಅವರು ಕೇಳುತ್ತಾರೆ.

ಕಾರ್ಕಳದ ಅಂಗಡಿಕಾರರು ವ್ಯಾಪಾರಿಗಳ ಪರವಾಗಿ ಮಾತನಾಡುತ್ತಾರೆ. "ಅಂಗಡಿಗೆ ಮನೆಗಿಂತ ಹೆಚ್ಚಿನ ದರ. ಪರವಾನಗಿಯ ಶುಲ್ಕ ಬೇರೆ, ಕಸದ ಶುಲ್ಕ ಬೇರೆ. ನಾವು ಕೊಡುವುದಿಲ್ಲವೆನ್ನುವುದಿಲ್ಲ. ಆದರೆ ಹಲವು ವರ್ಷಗಳಿಂದ ಕೊಡದೆ ಕುಳಿತವರ ಬಾಕಿಯನ್ನು ಮೊದಲು ವಸೂಲು ಮಾಡಿ, ಕೊಡುವವರ ಹೆಗಲ ಮೇಲೆಯೇ ಮತ್ತೆ ಮತ್ತೆ ಹೊರೆ ಹೇರಬೇಡಿ" ಎನ್ನುತ್ತಾರೆ.

ಕೊನೆಗೆ ಕೊಡವೂರಿನ ತರುಣಿಯೊಬ್ಬಳು ಎದ್ದು, "ನಾನು ತೆರಿಗೆ ಇಳಿಸಿರೆಂದು ಕೇಳಲು ಬಂದವಳಲ್ಲ. ಇಂದ್ರಾಣಿ ಹೊಳೆಗೆ ನಗರದ ಕೊಳಚೆ ಸೇರಿ ನಮ್ಮ ಬಾವಿಗಳು ಕೆಟ್ಟಿವೆ. ಒಳಚರಂಡಿಯನ್ನು ಸರಿಪಡಿಸುವುದಾದರೆ ನಮ್ಮ ಮನೆಯವರು ಇನ್ನಷ್ಟು ಕೊಡಲೂ ಸಿದ್ಧರು. ಆದರೆ ಕೊಟ್ಟ ಹಣ ಅದಕ್ಕೇ ಸಲ್ಲುವುದೆಂದು ಯಾರು ಭರವಸೆ ಕೊಡುತ್ತಾರೆ?" ಎಂದು ಕೇಳುತ್ತಾಳೆ. ಸಭೆ ಒಂದು ಕ್ಷಣ ಮೌನವಾಗುತ್ತದೆ.

ಈಗ ಅಧಿಕಾರಿಗಳ ಸರದಿ. ಪೌರಾಯುಕ್ತರ ಉತ್ತರವನ್ನೂ ನಾವು ಸಮಾಧಾನದಿಂದ ಕೇಳಬೇಕು. "ನೀವು ಹೇಳಿದ ಕಷ್ಟಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ವಿದ್ಯುತ್ತಿನ ದರ, ಕೊಳವೆಯ ಬೆಲೆ, ಕೂಲಿ ಇವು ಯಾವುವೂ ನಿಂತಲ್ಲಿ ನಿಂತಿಲ್ಲ. ಅಲೆವೂರಿನ ಕರ್ವಾಲಿನಲ್ಲಿರುವ ಕಸದ ಘಟಕವನ್ನೂ ನಿಟ್ಟೂರಿನ ಕೊಳಚೆ ಶುದ್ಧೀಕರಣ ಘಟಕವನ್ನೂ ನಡೆಸುವುದಕ್ಕೆ ದಿನದಿನವೂ ವೆಚ್ಚವಿದೆ. ಸರ್ಕಾರದ ಅನುದಾನ ಬರುವಾಗ, ಇಂತಹ ಕೆಲಸಕ್ಕೇ ಬಳಸಬೇಕೆಂಬ ಕಟ್ಟಳೆಯೂ ಅದರೊಡನೆ ಬರುತ್ತದೆ. ಸ್ವಂತ ಆದಾಯದಲ್ಲಿಯೂ ಶೇಕಡ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಭ್ಯುದಯಕ್ಕೂ ಶೇಕಡ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೂ ಮೀಸಲಿಡಬೇಕು. ಅದು ನ್ಯಾಯವೂ ಹೌದು. ದೇವಾಲಯ, ಮಠ, ಬಸದಿ, ಮಸೀದಿ, ಚರ್ಚುಗಳಂತಹ ಪೂಜಾಸ್ಥಾನಗಳಿಗೆ ಕಾನೂನು ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ಆದರೆ ಅಲ್ಲಿಗೆ ಬರುವ ಯಾತ್ರಿಕರಿಗೆ ನೀರು, ದಾರಿ, ದೀಪಗಳನ್ನು ನಗರವೇ ಒದಗಿಸಬೇಕು" ಎಂದು ಅವರು ವಿವರಿಸುತ್ತಾರೆ.

ಎರಡು ಪಕ್ಷಗಳ ಮಾತಿನಲ್ಲಿಯೂ ಸತ್ಯಾಂಶವಿದೆ. ಹಾಗಾದರೆ ತೀರ್ಮಾನ ಹೇಗೆ? ತೆರಿಗೆಯನ್ನು ಏರಿಸಲೇಬಾರದೆಂದು ಕಟ್ಟುಹಾಕಿಬಿಟ್ಟರೆ ಸಮಸ್ಯೆ ತೀರುವುದೆಂದು ಕೆಲವರು ಭಾವಿಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಜನರು 1978ರ ಜೂನ್ ತಿಂಗಳಲ್ಲಿ ಮತದಾನ ಮಾಡಿ ಇಂತಹುದೇ ಒಂದು ಕಟ್ಟನ್ನು ಹಾಕಿದರು. ಅದರಂತೆ ಆಸ್ತಿ ತೆರಿಗೆಯು ಮೌಲ್ಯದ ಶೇಕಡ 1ನ್ನು ಮೀರಬಾರದು; ಮನೆ ಮಾರಾಟವಾಗುವವರೆಗೆ ಅದರ ತೆರಿಗೆಯ ಮೌಲ್ಯವನ್ನು ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚಾಗಿ ಏರಿಸಬಾರದು. ವೃದ್ಧರು ತಮ್ಮ ಮನೆಗಳಲ್ಲಿ ನೆಮ್ಮದಿಯಿಂದ ಉಳಿಯುವಂತಾಯಿತು. ಇದು ಸಣ್ಣ ಲಾಭವಲ್ಲ. ಆದರೆ ಶಾಲೆ, ಗ್ರಂಥಾಲಯಗಳಿಗೆ ಹಣದ ಕೊರತೆಯಾಯಿತು. ಊರುಗಳು ಎಲ್ಲಕ್ಕೂ ರಾಜ್ಯ ಸರ್ಕಾರದ ಕಡೆಗೆ ನೋಡತೊಡಗಿದವು. ಹಳೆಯ ಮಾಲೀಕನಿಗೆ ಅಲ್ಪ ತೆರಿಗೆ, ಪಕ್ಕದ ಮನೆಯನ್ನು ಹೊಸದಾಗಿ ಕೊಂಡವನಿಗೆ ಅದರ ಹಲವು ಪಟ್ಟು ತೆರಿಗೆ ಎಂಬ ವಿಚಿತ್ರ ಸ್ಥಿತಿಯೂ ಉಂಟಾಯಿತು.

ಇದಕ್ಕೆ ವಿರುದ್ಧವಾದ ತಪ್ಪನ್ನು ಬ್ರಿಟನ್ ಮಾಡಿತು. ಅಲ್ಲಿಯ ಸರ್ಕಾರವು ಮನೆಗಳ ಮೇಲಿನ ತೆರಿಗೆಯನ್ನು ತೆಗೆದು, ಬಡವ ಬಲ್ಲಿದರೆನ್ನದೆ ವಯಸ್ಕರೆಲ್ಲರ ಮೇಲೆ ತಲೆಗಂದಾಯವನ್ನು ಹಾಕಿತು. ಅದು 1989ರಲ್ಲಿ ಸ್ಕಾಟ್‌ಲೆಂಡಿನಲ್ಲಿಯೂ 1990ರಲ್ಲಿ ಇಂಗ್ಲೆಂಡಿನಲ್ಲಿಯೂ ಜಾರಿಗೆ ಬಂದಿತು. ಜನರು ಬೀದಿಗಿಳಿದರು, 1993ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮನೆಯ ಬೆಲೆಗನುಸಾರವಾದ ತೆರಿಗೆಗೇ ಮರಳಬೇಕಾಯಿತು. ಸಮವಾದ ತೆರಿಗೆಯೆಲ್ಲವೂ ನ್ಯಾಯವಾದ ತೆರಿಗೆಯಾಗದೆಂಬುದು ಇದರಿಂದ ತಿಳಿಯುತ್ತದೆ.

ಹೂವಿಗೆ ನೋವಾಗದಂತೆ ದುಂಬಿಯು ಜೇನನ್ನು ಹೀರುವ ಹಾಗೆ ಅರಸನು ಕರವನ್ನು ತೆಗೆದುಕೊಳ್ಳಬೇಕೆಂದು ನಮ್ಮ ಪೂರ್ವಿಕರು ಹೇಳುತ್ತಿದ್ದರು. ಇಂದಿಗೆ ಇದು ಅರ್ಧ ನೀತಿ ಮಾತ್ರ. ತೆಗೆದುಕೊಂಡ ಜೇನು ಎಲ್ಲಿ ಹೋಯಿತೆಂಬ ಲೆಕ್ಕವನ್ನು ಹೂವಿಗೆ ಒಪ್ಪಿಸುವುದು ಉಳಿದರ್ಧ. ಕೊಡವೂರಿನ ತರುಣಿಯ ಪ್ರಶ್ನೆಯ ತಿರುಳು ಇದೇ. ತೆರಿಗೆ ಏರಿತೆಂಬುದಕ್ಕಿಂತ, ಏರಿದ ತೆರಿಗೆಯಿಂದ ತಮ್ಮ ಓಣಿಗೆ ಬಂದುದೇನೆಂಬುದು ಕಾಣದಿರುವುದೇ ಜನರನ್ನು ಹೆಚ್ಚು ನೋಯಿಸುತ್ತದೆ.

ಊರಿನ ಬೊಕ್ಕಸದಿಂದ ಎಂತಹ ಕೆಲಸ ಸಾಧ್ಯವೆಂಬುದಕ್ಕೆ ಉಡುಪಿಯ ಇತಿಹಾಸದಲ್ಲಿಯೇ ನಿದರ್ಶನವಿದೆ. 1968ರಲ್ಲಿ ಡಾ. ವಿ. ಎಸ್. ಆಚಾರ್ಯರು ಉಡುಪಿ ಪುರಸಭೆಯ ಅಧ್ಯಕ್ಷರಾದರು. ಅವರ ಕಾಲದಲ್ಲಿ ಪುರಸಭೆಯು ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ನಿಲ್ಲಿಸಿತು. ಅದನ್ನು ನಿಷೇಧಿಸುವ ಕೇಂದ್ರ ಕಾನೂನು ಬಂದುದು 1993ರಲ್ಲಿ. ಅದಕ್ಕಿಂತ ಎರಡು ದಶಕಗಳಿಗೂ ಹಿಂದೆಯೇ ಕರಾವಳಿಯ ಒಂದು ಚಿಕ್ಕ ಊರು ಈ ಹೆಜ್ಜೆಯಿಟ್ಟಿತು. ಶೌಚಾಲಯಗಳು ಬದಲಾಗದೆ ಇಂತಹ ಪದ್ಧತಿ ತೊಲಗಲಾರದು. ಅವು ಬದಲಾಗಬೇಕಾದರೆ ಹಣ ಬೇಕು. ಮನುಷ್ಯನೊಬ್ಬನು ತಲೆಯೆತ್ತಿ ನಡೆಯುವಂತಾಗಲು ಸಂದ ಹಣಕ್ಕಿಂತ ಸಾರ್ಥಕವಾದ ವೆಚ್ಚ ಯಾವುದಿದೆ?

ಇಂತಹ ನಿರ್ಧಾರಗಳನ್ನು ತೆಗೆದುಕೊಳ್ಳಲು ಚುನಾಯಿತ ಸಭೆ ಇರಬೇಕು. 2018ರಲ್ಲಿ ರಾಜ್ಯದ ಅನೇಕ ಪೌರಸಭೆಗಳಿಗೆ ಚುನಾವಣೆ ನಡೆಯಿತು. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ, ಗೆದ್ದ ಸದಸ್ಯರು 2020ರ ಕೊನೆಯ ಭಾಗದವರೆಗೆ ಅಧಿಕಾರವನ್ನು ವಹಿಸಿಕೊಳ್ಳಲಾಗಲಿಲ್ಲ; ಉಡುಪಿಯಲ್ಲಿಯೂ ಹೀಗೆಯೇ ಆಯಿತು. ಎರಡು ವರ್ಷಗಳ ಕಾಲ ಜನರು ತೆರಿಗೆ ಕೊಡುತ್ತಿದ್ದರು. ಅದರ ವೆಚ್ಚವನ್ನು ಕುರಿತು ಅವರ ಪರವಾಗಿ ಸಭೆಯಲ್ಲಿ ಪ್ರಶ್ನೆ ಕೇಳುವವರಿರಲಿಲ್ಲ. ಅಧಿಕಾರಿಯು ಎಷ್ಟೇ ದಕ್ಷನಾಗಿದ್ದರೂ ಓಣಿಯ ಪ್ರತಿನಿಧಿಯ ಸ್ಥಾನವನ್ನು ತುಂಬಲಾರನು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಮನೆಗೆ ಸಲ್ಲುವ ವಿವೇಕ. ಊರಿನ ವಿಚಾರದಲ್ಲಿ, ಹಾಸಿಗೆ ಎಷ್ಟು ಉದ್ದವಿರಬೇಕೆಂಬುದನ್ನೂ ಅದರಲ್ಲಿ ಯಾರ ಕಾಲು ಹೊರಗೆ ಉಳಿಯುತ್ತಿದೆಯೆಂಬುದನ್ನೂ ನಾವೇ ಕೂಡಿ ನೋಡಬೇಕಾಗಿದೆ. ಶಕ್ತಿಯುಳ್ಳವನು ಹೆಚ್ಚು ಕೊಡಬೇಕು. ವೃದ್ಧರು, ಬಡವರು ತಮ್ಮ ಸೂರಿನಡಿ ನಿಶ್ಚಿಂತರಾಗಿರಬೇಕು. ಬಾಕಿದಾರನ ಮುಂದೆ ಕಾನೂನು ಕಣ್ಣುಮುಚ್ಚಬಾರದು. ವೆಚ್ಚದ ಲೆಕ್ಕ ಎಲ್ಲರಿಗೂ ಓದಲು ದೊರೆಯಬೇಕು. ಈ ನಾಲ್ಕು ಮಾತುಗಳು ನಡೆದರೆ ತೆರಿಗೆಯ ಏರಿಕೆಯನ್ನು ಜನ ಅರ್ಥಮಾಡಿಕೊಳ್ಳಬಲ್ಲರು. ಇವು ನಡೆಯದಿದ್ದರೆ ಅತ್ಯಲ್ಪ ತೆರಿಗೆಯೂ ಭಾರವೆನಿಸುತ್ತದೆ.

ಮುಂದೆ ನೀವೂ ಒಂದು ಊರಿನ ಮತದಾರರಾಗುವಿರಿ. ನಿಮ್ಮ ಮನೆಗೂ ತೆರಿಗೆಯ ಚೀಟಿ ಬರುವುದು. ಅದನ್ನು ಕಟ್ಟಿ ಬಂದ ದಿನವೇ ನಿಮ್ಮ ಊರಿನ ಆಯವ್ಯಯದ ಪುಸ್ತಕವನ್ನೂ ಕೇಳಿ ಪಡೆದು ಓದಿರಿ. ಕೊಡುವುದು ಪೌರನ ಧರ್ಮ, ಕೇಳುವುದು ಅವನ ಹಕ್ಕು. ಇವೆರಡೂ ಕೂಡಿದಾಗಲೇ ಊರು ಎನ್ನಿಸಿಕೊಂಡದ್ದು ನಮ್ಮೂರಾಗುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಉಡುಪಿ ಮತ್ತು ಕಾರ್ಕಳಗಳಿಗೆ ನೀರನ್ನು ಒದಗಿಸುವ ನದಿ ಯಾವುದು?
2. 1830-31ರಲ್ಲಿ ರೈತರು ಸೇರುತ್ತಿದ್ದ ಗುಂಪುಗಳಿಗೆ ಏನೆಂದು ಹೆಸರು?
3. ಕರ್ನಾಟಕದಲ್ಲಿ ಜಕಾತಿಯು ರದ್ದಾದುದು ಯಾವಾಗ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ಮೂಲಧನ ಮೌಲ್ಯದ ಪದ್ಧತಿಯಲ್ಲಿ ತೆರಿಗೆಯನ್ನು ಹೇಗೆ ನಿರ್ಧರಿಸುತ್ತಾರೆ?
2. ಕಾಪುವಿನ ಮಹಿಳೆಯ ದೂರು ಏನು? ಅದು ಮಣಿಪಾಲದ ಉಪಾಧ್ಯಾಯರ ದೂರಿಗಿಂತ ಹೇಗೆ ಭಿನ್ನವಾಗಿದೆ?
3. ಕ್ಯಾಲಿಫೋರ್ನಿಯಾದ ಕ್ರಮದಿಂದಾದ ಲಾಭವೇನು? ನಷ್ಟವೇನು?

ಇ) ಸಂದರ್ಭದೊಡನೆ ವಿವರಿಸಿರಿ:
1. "ಬೆಲೆ ಏರಿರುವುದು ಕಾಗದದ ಮೇಲೆ."
2. "ಕೊಟ್ಟ ಹಣ ಅದಕ್ಕೇ ಸಲ್ಲುವುದೆಂದು ಯಾರು ಭರವಸೆ ಕೊಡುತ್ತಾರೆ?"

ಈ) ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಹಗಲಿರುಳು, ಕರನಿರಾಕರಣೆ, ಬೀದಿದೀಪ.

ಉ) ಲೆಕ್ಕ ಮಾಡಿರಿ: ಒಂದು ಅಂಗಡಿಯ ಮೇಲೆ ವರ್ಷಕ್ಕೆ 5000 ರೂಪಾಯಿ ತೆರಿಗೆ ಇದೆ. ಪಾಠದಲ್ಲಿ ಹೇಳಿದ ಮೂರು ಉಪಕರಗಳು ಸೇರಿದರೆ ಒಟ್ಟು ಎಷ್ಟು ಕೊಡಬೇಕು?

ಊ) ನಿಮ್ಮ ತರಗತಿಯಲ್ಲಿ ಒಂದು ಪೂರ್ವಭಾವಿ ಸಭೆಯನ್ನು ಏರ್ಪಡಿಸಿರಿ. ನಿಮ್ಮ ಊರಿಗೆ ಮುಂದಿನ ವರ್ಷ ಆಗಬೇಕಾದ ಮೂರು ಕೆಲಸಗಳನ್ನು ಆರಿಸಿ, ಅವುಗಳಲ್ಲಿ ಯಾವುದಕ್ಕೆ ಮೊದಲು ಹಣ ಸಲ್ಲಬೇಕೆಂಬುದನ್ನು ಚರ್ಚಿಸಿರಿ.